ಕ್ಷೇಮ ಬರೆದು ಸೇತುವೆ ಕೇಳಿದ್ದು

ನಡೆದದ್ದು ಇಷ್ಟೇ. ನಮ್ಮೂರ ಮಾಸ್ತರ ಮಕ್ಕಳಿಗೆ ಬರೆಯಲು ಕಲಿಸಿದ, ಕೆಲಸ ಕೆಟ್ಟಿತು. ನನ್ನ ಮೊಮ್ಮಗಳು ಅವನು ಕಲಿಸಿದ್ದನ್ನೆಲ್ಲ ಗೂಟಕ್ಕೆ ತೂಗುಹಾಕಿ ತನಗೆ ತಿಳಿದ ಹಾಗೆ ಬರೆದಳು, ಕೆಲಸ ಆಯಿತು. ಆಮೇಲೆ ಮಾಸ್ತರ ‘ನಾನೇ ಕಲಿಸಿದ್ದು’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ನಡುವೆ ನಾನೂ ಒಂದು ತಪ್ಪು ಮಾಡಿದೆ. ಅದನ್ನೂ ಹೇಳುತ್ತೇನೆ, ಆದರೆ ನನ್ನ ಪಾಳಿ ಬಂದಾಗ. ಮೊದಲು ಅವನದು ಮುಗಿಯಲಿ.

ಮಾಸ್ತರನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಹುಬ್ಬೇರಿಸಬೇಡಿ. ಎದುರಿಗೆ ಸಿಕ್ಕಾಗ ‘ಏನ್ರಿ ಮಾಸ್ತರ’ ಎಂದೇ ಮಾತಾಡಿಸುತ್ತಿದ್ದೆ. ಆದರೆ ಹಾಳೆಯ ಮೇಲೂ ಅವನಿಗೆ ‘ರೀ’ ಹಚ್ಚುತ್ತ ಕೂತರೆ ನನ್ನ ಮಸಿ ತೀರುತ್ತದೆ. ಮೇಲಾಗಿ ಅವನು ನನ್ನ ಹಿರಿಯ ಮೊಮ್ಮಗನ ವಯಸ್ಸಿನವನು, ಟ್ರೇನಿಂಗ್ ಮುಗಿಸಿ ಬಂದು ಇನ್ನೂ ಮೀಸೆಗೆ ಆಕಾರ ಬಂದಿರಲಿಲ್ಲ.

ನನ್ನ ವಿದ್ಯೆ ಎಷ್ಟು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹುಕ್ಕೇರಿ ತಾಲೂಕಿನ ಘೋಡಗೇರಿ ನನ್ನ ತವರು. ಅಲ್ಲಿ ಎರಡನೆಯ ಇಯತ್ತೆ ಮುಗಿಸಿದೆ. ಮೂರನೆಯದಕ್ಕೆ ಪುಸ್ತಕ ತರುತ್ತಾರೆಂದು ಕಾಯುತ್ತ ಕೂತಿದ್ದಾಗ ಅಪ್ಪ ಸೀರೆ ತಂದ. ಮದುವೆಯಾಗಿ ಈ ಕಡೆ ಬಂದೆ. ಐವತ್ತು ವರ್ಷ ಅಕ್ಷರಗಳನ್ನು ಮರೆತೆ, ಮೊಮ್ಮಗಳು ನೀಲವ್ವ ಪಾಟಿಯ ಮೇಲೆ ತಿದ್ದುವಾಗ ಬಾಜೂ ಕೂತು ಮತ್ತೆ ಕಲಿತೆ. ಅವಳ ಅಕ್ಷರ ದುಂಡಗೆ. ನನ್ನವು ಬೇಲಿಯ ಮುಳ್ಳಿನ ಹಾಗೆ, ಆದರೆ ಕಂಡವರಿಗೆ ಚುಚ್ಚುತ್ತವೆ. ಸಾಕು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನಾನು ನೀರಿಗೆ ಹೋದಾಗ ನಾಲ್ಕು ಮಂದಿ ಮುಖ ತಿರುವುತ್ತಾರೆ. ಧುಪದಾಳದ ಒಡ್ಡಿನಿಂದ ಹೊರಟ ನೀರು ಮಸಗುಪ್ಪಿಯ ಕಡೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಎಂದು ತಿಳಿಯಿರಿ. ಊರು ಕಾಲುವೆಯ ಆ ಕಡೆ, ನಮ್ಮ ತೋಟದ ಮನೆಗಳು ಈ ಕಡೆ. ಶಾಲೆ, ಚಾವಡಿ, ಗುಡಿ, ಅಂಗಡಿ, ಜಗಳ ಎಲ್ಲ ಆ ಕಡೆ. ಈ ಕಡೆ ನಾವು ಆರು ಮನೆಯವರು, ನಮ್ಮ ದನಗಳು ಮತ್ತು ಹನ್ನೊಂದು ಮಕ್ಕಳು. ನಡುವೆ ಎಂಟು ಮೊಳ ಅಗಲದ ಕಾಲುವೆ. ಬೇಸಿಗೆಯಲ್ಲಿ ಒಣಗಿರುತ್ತದೆ, ಮಕ್ಕಳು ದಂಡೆ ಇಳಿದು ತಳದಲ್ಲಿ ನಡೆದು ಆ ದಂಡೆ ಹತ್ತುತ್ತಾರೆ. ನೀರು ಬಿಟ್ಟರೆ ದೊಡ್ಡವರ ಎದೆಮಟ್ಟ, ಚಿಕ್ಕವರ ತಲೆಯ ಮೇಲೆ. ಸರಕಾರಿ ಸೇತುವೆ ಇದೆ, ಇಲ್ಲವೆಂದಲ್ಲ. ಎರಡು ಮೈಲು ಆಚೆಗೆ ಇದೆ. ಸೇತುವೆ ಕಟ್ಟಿದವರು ಅದನ್ನು ಎಲ್ಲಿ ಕಟ್ಟಬೇಕು ಎಂದು ಕಾಗೆಯನ್ನು ಕೇಳಿದ್ದರೋ ಏನೋ, ಅದರ ಎರಡೂ ಕಡೆ ಒಂದು ಮನೆಯೂ ಇಲ್ಲ.

ನಾವು ಒಂದು ಜಾಲಿಯ ಬೊಡ್ಡೆ ಅಡ್ಡ ಹಾಕಿಕೊಂಡಿದ್ದೆವು. ಬೊಡ್ಡೆ ದುಂಡಗೆ, ಅಂಗಾಲಿನ ಕೆಳಗೆ ಹೊರಳುತ್ತಿತ್ತು. ಆ ವರ್ಷ ದೀಪಾವಳಿ ಹೊತ್ತಿಗೆ ನೀಲವ್ವ ಅದರ ಮೇಲಿನಿಂದ ನೀರಿಗೆ ಬಿದ್ದಳು. ದಂಡೆಯ ಹುಲ್ಲು ಕೈಗೆ ಸಿಕ್ಕಿತು, ಬದುಕಿದಳು. ಪಾಟಿ ಮುಳುಗಿತು, ಪುಸ್ತಕದ ಚೀಲ ತೇಲುತ್ತ ಮೂಡಲಗಿಯ ಕಡೆ ಹೋಯಿತು. ಮರುದಿನ ಕಾಲುವೆ ಕಾಯುವ ಸಿಪಾಯಿ ಬಂದು, ಸರಕಾರದ ಕಾಲುವೆಗೆ ಅಡ್ಡ ಹಾಕಬಾರದು ಎಂದು ಬೊಡ್ಡೆಯನ್ನೇ ಎಳೆಸಿ ಹಾಕಿದ. ಕೂಸು ಬಿದ್ದದ್ದಕ್ಕೆ ಅವನ ಹತ್ತಿರ ಮಾತಿರಲಿಲ್ಲ, ಬೊಡ್ಡೆಗೆ ಇತ್ತು.

ಆ ದಿನ ನನ್ನ ಮಗ ಬಸಪ್ಪ, ನೀಲವ್ವನ ಅಪ್ಪ, ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟ.

“ನೀರ ನಿಂತಾಗ ಹೋಗಲಿ. ಮಿರಗದ ಮಳಿ ಬಿದ್ದು ಮತ್ತ ಕಾಲವ್ಯಾಗ ನೀರ ಬಿಟ್ಟ ದಿನಾ ಸಾಲಿ ಬಂದ್. ನನಗ ಮಗಳ ಬೇಕು, ಪುಸ್ತಕಾ ಬ್ಯಾಡ.”

“ಗಂಡ ಹುಡುಗರದೂ ಬಂದ್ ಏನ?” ಎಂದೆ.

“ಅವ್ರ ಈಸ್ತಾರ ಯವ್ವಾ.”

“ಹಂಗಾರ ಇಕಿಗೂ ಈಸ ಕಲಸು.”

“ಯವ್ವಾ, ನೀ ಸುಮ್ಮನ ರೊಟ್ಟಿ ತಿನ್ನು,” ಎಂದ. ನನ್ನ ಮಗ ಕೆಟ್ಟವನಲ್ಲ. ಹೆದರಿದವನು. ಹೆದರಿದವನ ಜೊತೆ ವಾದ ಮಾಡುವುದು ಕೆಟ್ಟವನ ಜೊತೆ ಮಾಡುವುದಕ್ಕಿಂತ ಕಷ್ಟ. ನೀಲವ್ವನಿಗೆ ಆಗ ಹನ್ನೊಂದು ವರ್ಷ, ಐದನೆಯ ಇಯತ್ತೆ. ಶಾಲೆ ಬಿಟ್ಟ ಹುಡುಗಿಯನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೆಯ ಇಯತ್ತೆಯ ಬದಲು ನನಗೆ ಬಂದ ಸೀರೆ ಹಸಿರು ಬಣ್ಣದ್ದು, ಅಂಚು ಒರಟು.

ಇಂಥ ಹೊತ್ತಿನಲ್ಲಿ ಈ ಮಾಸ್ತರ ಶಾಲೆಗೆ ಹೊಸದಾಗಿ ಬಂದ. ಬಂದವನೇ, ಮಕ್ಕಳು ಬರೀ ಕಾಪಿ ತಿದ್ದಿದರೆ ಸಾಲದು, ತಮ್ಮ ಮನಸ್ಸಿಗೆ ಹತ್ತಿದ ವಿಷಯದ ಮೇಲೆ ಓದಿದವರು ಒಪ್ಪುವಂತೆ ಬರೆಯಬೇಕು ಎಂದು ಸಾರಿದ. ಈ ಮಾತು ಕೇಳಿ ನಾನೂ ತಲೆದೂಗಿದೆ. ಮಾತು ಚೆನ್ನಾಗಿತ್ತು. ಕೆಲವರ ಮಾತು ಯಾವಾಗಲೂ ಚೆನ್ನಾಗಿರುತ್ತದೆ, ಆಮೇಲೆ ಅವರು ಕೆಲಸ ಶುರುಮಾಡುತ್ತಾರೆ.

ಕುಂಬಾರರ ಮಲ್ಲ ಕತ್ತೆಯ ಬಗ್ಗೆ ಬರೆದ. ಅವರ ಮನೆಯ ಕತ್ತೆಗಳು ದಿನವಿಡೀ ಮಣ್ಣು ಹೊರುತ್ತವೆ, ಸಂಜೆ ಹುಲ್ಲಿಗೆ ಬಿಟ್ಟರೆ ಊರವರು ಕಲ್ಲು ಹೊಡೆಯುತ್ತಾರೆ, ಅವರ ಮನೆಯ ಗಡಿಗೆ ಮಾತ್ರ ಎಲ್ಲರಿಗೂ ಬೇಕು ಎಂದು. ಹುಡುಗನ ಹೊಟ್ಟೆಯ ಉರಿ ಪಾಟಿಯ ಮೇಲೆ ಕಾಣುತ್ತಿತ್ತಂತೆ. ಮಾಸ್ತರ ಓದಿ ನಕ್ಕ. “ಕತ್ತಿ ಸುದ್ದಿ ಯಾರ ಓದತಾರೋ? ಗೋರಕ್ಷಣೆ ಅಂತ ಬರಿ,” ಎಂದ. ಮಲ್ಲನ ಮನೆಯಲ್ಲಿ ಒಂದು ಆಕಳೂ ಇಲ್ಲ. ಬರೆದ ಪಾಪ. ಇನ್ನೊಬ್ಬ ಹುಡುಗಿ, ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಅಣ್ಣಂದಿರಿಗೆ, ತಂಗಳು ನನಗೆ ಎಂದು ಬರೆದಳು. ಮಾಸ್ತರ ಅದನ್ನು ಅಳಿಸಿ ‘ಸ್ತ್ರೀಯು ಗೃಹದ ಲಕ್ಷ್ಮಿ’ ಎಂದು ಬರೆಸಿದ. ತಂಗಳು ತಿನ್ನುವ ಲಕ್ಷ್ಮಿಯನ್ನು ನಾನು ಯಾವ ಪಟದಲ್ಲೂ ನೋಡಿಲ್ಲ.

ಹೀಗೆ ಮನಸ್ಸಿಗೆ ಹತ್ತಿದ್ದನ್ನೆಲ್ಲ ಕಿತ್ತು, ಪುಸ್ತಕಕ್ಕೆ ಹತ್ತಿದ್ದನ್ನು ನೆಟ್ಟ. ಮೊದಲು ಪೀಠಿಕೆ, ಆಮೇಲೆ ವಿಸ್ತಾರ, ಕೊನೆಗೆ ಉಪಸಂಹಾರ ಎಂದು ಹಲಗೆಯ ಮೇಲೆ ಬರೆದುಕೊಟ್ಟ. ಪೀಠಿಕೆ ಅರಮನೆಯ ಹೆಬ್ಬಾಗಿಲಿನ ಹಾಗಿರಬೇಕಂತೆ. ನಮ್ಮವು ತಗಡಿನ ಬಾಗಿಲು. ಒದ್ದರೆ ತೆಗೆಯುತ್ತವೆ, ಒಳಗೆ ಏನಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಒಪ್ಪಿಸುವುದು ಎಂದರೇನು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ರೊಟ್ಟಿ ಬಡಿಯುವಾಗ ಯೋಚನೆಗೆ ಒಳ್ಳೆಯ ಹೊತ್ತು, ಕೈಗೆ ಕೆಲಸವಿರುತ್ತದೆ, ತಲೆ ಖಾಲಿ. ಗೋಕಾಕದ ಸಂತೆಯಲ್ಲಿ ಬದನೆಕಾಯಿ ಮಾರುವ ಒಬ್ಬಾಕೆ ಇದ್ದಳು. ಎಲ್ಲರೂ ‘ಎಳೀ ಬದನಿಕಾಯಿ, ತಾಜಾ ಬದನಿಕಾಯಿ’ ಎಂದು ಗಂಟಲು ಹರಿದುಕೊಳ್ಳುವಾಗ ಇವಳು ಬಾಯಿ ಬಿಡುತ್ತಿರಲಿಲ್ಲ. ನಾನು ಹತ್ತಿರ ಹೋದಾಗ ನನ್ನ ಮುಖ ನೋಡಿದಳು, ಬಾಯಿ ನೋಡಿದಳು. “ಬೀಜ ಕಟ್ಟಿಲ್ಲ ಆಯಿ, ಒಸಡಿಲೇ ತಿನಬಹುದು,” ಎಂದಳು. ಕೊಂಡೆ. ನನ್ನ ಹಿಂದೆ ಬಂದ ಬಸುರಿಗೆ ಬೇರೇನೋ ಹೇಳಿದಳು, ಅವಳೂ ಕೊಂಡಳು. ಬದನೆಕಾಯಿ ಒಂದೇ ಬುಟ್ಟಿಯದು. ಇವಳು ಯಾವ ಟ್ರೇನಿಂಗ್ ಮುಗಿಸಿದ್ದಳು?

ನಮ್ಮ ಮನೆಯಲ್ಲಿ ಶರಣರ ವಚನ ಹೇಳುವ ರೂಢಿ ಉಂಟು. ನಾಲ್ಕು ಸಾಲು, ಹೆಚ್ಚೆಂದರೆ ಎಂಟು. ಅಷ್ಟರಲ್ಲೇ ಹೇಳುವುದನ್ನು ಹೇಳಿ, ಬೈಯುವವರನ್ನು ಬೈದು, ದೇವರನ್ನೂ ಒಂದು ಮಾತು ಕೇಳಿ ಮುಗಿಸುತ್ತಾರೆ. ಅದೇ ವಚನದ ಅರ್ಥ ಹೇಳಲು ಬರುವ ಸ್ವಾಮಿಗಳಿಗೆ ಎರಡು ತಾಸು ಬೇಕು, ನಡುವೆ ಹಾಲು ಬೇಕು. ಕೇಳಿ ಎದ್ದವರಿಗೆ ಕಾಲು ಜೋಮು ಹಿಡಿದದ್ದು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಮಾಸ್ತರ ಈ ಎರಡನೆಯ ಜಾತಿಯವನು.

ನೀಲವ್ವ ತನ್ನ ವಿಷಯ ಆರಿಸುವುದಕ್ಕೆ ಯೋಚಿಸಲೇ ಇಲ್ಲ. ಕಾಲುವೆಗೆ ಒಂದು ಪೂಲು, ಎಂದರೆ ಸೇತುವೆ ಬೇಕು ಎಂದು ಕಾಲುವೆಯ ಸಾಹೇಬನಿಗೇ ಬರೆಯುತ್ತೇನೆ ಎಂದಳು. ಮಾಸ್ತರನಿಗೆ ಖುಷಿಯಾಯಿತು. ಸಾಹೇಬನಿಗೆ ಹೋಗುವ ಕಾಗದ ಎಂದರೆ ತನ್ನ ಹೆಸರೂ ಹೋಗುತ್ತದಲ್ಲ! ಹದಿನೈದು ದಿನ ತಿದ್ದಿಸಿದ. ಹೋಳಿ ಹುಣ್ಣಿಮೆಯ ಮುಂದೆ ನೀಲವ್ವ ಕಾಗದವನ್ನು ಮನೆಗೆ ತಂದು ಪಡಸಾಲೆಯಲ್ಲಿ ನಿಂತು ಓದಿದಳು. ‘ಅಖಂಡಿತ ಲಕ್ಷ್ಮೀ ಅಲಂಕೃತ ರಾಜಮಾನ್ಯ ರಾಜಶ್ರೀ’ ಎಂದು ಶುರುವಾಯಿತು. ಸಾಹೇಬ ದಯಾಸಾಗರನಾದ, ಕರುಣಾಮೂರ್ತಿಯಾದ, ದೀನಬಂಧುವಾದ. ಆಮೇಲೆ ಭಗೀರಥ ಗಂಗೆಯನ್ನು ತಂದ. ಗಂಗೆ ಬಂದ ಮೇಲೆ ಜಲವೇ ಜೀವನ ಎಂದು ಅರ್ಧ ಹಾಳೆ ಹರಿಯಿತು. ಕೊನೆಯ ಸಾಲಿನಲ್ಲಿ, ‘ಪಾದಚಾರಿಗಳ ಸಂಚಾರಕ್ಕೆ ಅನುಕೂಲವಾಗತಕ್ಕ ಕ್ರಮವನ್ನು ತಮ್ಮ ಕೃಪಾಕಟಾಕ್ಷವು ಯೋಚಿಸಿದಲ್ಲಿ ಧನ್ಯರಾಗುವೆವು’ ಎಂದು ಮುಗಿಯಿತು.

ಒಲೆಯ ಮುಂದೆ ಕೂತಿದ್ದ ಸೊಸೆ ಕಲ್ಲವ್ವ ತಿರುಗಿ ನೋಡಿ ಕೇಳಿದಳು: “ಇದರಾಗ ಪೂಲು ಎಲ್ಲಿ ಐತಿ?”

“ಕಟ್ಟಕಡೀಕ ಐತೆವ್ವಾ. ಪಾದಚಾರಿ ಅಂದ್ರ ಅದ,” ಎಂದಳು ನೀಲವ್ವ. ಅವಳ ದನಿಯಲ್ಲೇ ನಂಬಿಕೆ ಇರಲಿಲ್ಲ.

ಆಗ ನಾನು ಬಾಯಿ ಹಾಕಿದೆ. ನನ್ನ ಪಾಳಿ ಬಂತು, ಕೇಳಿರಿ. ಎಲ್ಲರೂ ಪೂಲು ಹುಡುಕುತ್ತಿದ್ದರೆ ನಾನು ಹುಡುಕಿದ್ದೇ ಬೇರೆ.

“ಎಲ್ಲಾ ಬರದಿ, ಕ್ಷೇಮ ಎಲ್ಲಿ ಬರದಿ?” ಎಂದೆ.

ನಮ್ಮ ಕಡೆ ಕಾಗದವೆಂದರೆ ಮೊದಲು ಕ್ಷೇಮ. ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು. ಅದು ಇಲ್ಲದ ಕಾಗದ ಬಂದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ನಾನು ಚಿಕ್ಕವಳಿದ್ದಾಗ ನನ್ನ ಅಣ್ಣ ಎತ್ತು ಕೊಳ್ಳಲು ದೂರದ ಊರಿಗೆ ಹೋಗಿದ್ದ. ಅಲ್ಲಿಂದ ಒಂದು ಕಾರ್ಡು ಬಂತು. ಓದಲು ಕರೆದವನು ಮೊದಲ ಸಾಲು ನೋಡಿ, “ಕ್ಷೇಮ ಬರದಿಲ್ಲಲ್ಲ,” ಎಂದ. ಅಷ್ಟೇ. ನನ್ನವ್ವ ಎದೆ ಬಡಿದುಕೊಂಡು ಬಿದ್ದಳು. ಓಣಿಯ ಹೆಂಗಸರು ಸೇರಿದರು, ಅಣ್ಣನ ಗುಣಗಳನ್ನು ಎತ್ತಿ ಹಾಡಿಕೊಂಡು ಅತ್ತರು. ಅವನಿಗೆ ಅಷ್ಟು ಗುಣಗಳಿದ್ದದ್ದು ನನಗೆ ಅಂದೇ ಗೊತ್ತಾದದ್ದು. ಸಾಕಷ್ಟು ಅತ್ತಾದ ಮೇಲೆ ಯಾರಿಗೋ ಎರಡನೆಯ ಸಾಲನ್ನೂ ಓದಿಸಬೇಕು ಎನ್ನಿಸಿತು. ‘ಎತ್ತು ಸಿಕ್ಕಿತು, ಒಂದು ಕೊಂಬು ಸ್ವಲ್ಪ ವಾರೆ’ ಎಂದು ಬರೆದಿದ್ದ. ಮೂರು ದಿನದ ಮೇಲೆ ಅಣ್ಣ ಎತ್ತು ಹಿಡಿದುಕೊಂಡು ಬಂದಾಗ ಅವ್ವ ಪೊರಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅಂಥ ಮನೆಯಿಂದ ಬಂದವಳು ನಾನು. ಕ್ಷೇಮವಿಲ್ಲದ ಕಾಗದ ನನ್ನ ಹೊಸ್ತಿಲು ದಾಟಲು ಬಿಡುತ್ತೇನೆಯೆ? ನೀಲವ್ವನಿಗೆ ನಾನೇ ಹೇಳಿ ಬರೆಸಿದೆ: ‘ಇತ್ತ ನಮ್ಮ ಊರಲ್ಲಿ ಎಲ್ಲರೂ ಸುಖದಿಂದ ಇದ್ದೇವೆ. ಯಾವ ತೊಂದರೆಯೂ ಇಲ್ಲ. ತಮ್ಮ ಕ್ಷೇಮಕ್ಕೆ ಬರೆಸುವುದು.’ ಮಾಸ್ತರ ಇದನ್ನು ನೋಡಿ, “ಆಯಿ ಅವರ ಭಾಳ ಸಂಸ್ಕಾರವಂತರು,” ಎಂದನಂತೆ. ಎಂದು, ಆ ಸಾಲುಗಳನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಹಾಕಿಸಿದ. ನಾನು ಆ ದಿನ ಉಬ್ಬಿದ್ದೆ. ಎರಡನೆಯ ಇಯತ್ತೆಯವಳ ಸಾಲು ಭಗೀರಥನ ತಲೆಯ ಮೇಲೆ ಕೂತಿತ್ತು.

ಯುಗಾದಿ ಮುಗಿದು ಜವಾಬು ಬಂತು. ಕಚೇರಿಯ ಕಾರಕೂನ ಬರೆದದ್ದು, ಮೂರು ಸಾಲು. ‘ನಿಮ್ಮ ಊರಲ್ಲಿ ಎಲ್ಲರೂ ಸುಖದಿಂದ ಇದ್ದು ಯಾವ ತೊಂದರೆಯೂ ಇಲ್ಲವೆಂಬುದನ್ನು ತಿಳಿದು ಸಾಹೇಬರಿಗೆ ಸಂತೋಷವಾಯಿತು. ಸಾಹೇಬರೂ ಕ್ಷೇಮವಾಗಿದ್ದಾರೆ. ಕಾಲುವೆಯ ದಂಡೆಯನ್ನು ಹಾಳುಮಾಡದೆ ಇರತಕ್ಕದ್ದು.’

ಕಾರಕೂನನನ್ನು ನಾನು ಬೈಯುವುದಿಲ್ಲ. ದಿನಕ್ಕೆ ಇಂಥ ಎಷ್ಟು ಭಗೀರಥರು ಅವನ ಮೇಜಿಗೆ ಬರುತ್ತಾರೋ. ಮೊದಲ ಮೂರು ಸಾಲು ಓದಿದ, ತೊಂದರೆ ಇಲ್ಲ ಎಂದು ಸ್ಪಷ್ಟವಾಗಿತ್ತು, ಸಾಹೇಬನಿಗೆ ಹಾಗೇ ಹೇಳಿದ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾಸ್ತರ ಏನು ಮಾಡಿದ ಗೊತ್ತೆ? ಜವಾಬಿನ ಕಾಗದಕ್ಕೆ ಕಟ್ಟು ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಿದ. ಸಾಹೇಬರಿಂದ ಉತ್ತರ ತರಿಸಿದ ಶಾಲೆ ಎಂದು ಬಂದವರಿಗೆಲ್ಲ ತೋರಿಸಿದ. ಕೇಳಿದ್ದು ಸಿಗಲಿಲ್ಲವಲ್ಲ ಎಂದು ನಮ್ಮ ಕಲ್ಲವ್ವ ಅಂದದ್ದಕ್ಕೆ, “ಭಾಷಾ ನೋಡ್ರಿ ಅವ್ವಾರ, ಏನ ಗಾಂಭೀರ್ಯ ಐತಿ,” ಎಂದನಂತೆ. ಗಾಂಭೀರ್ಯದ ಮೇಲೆ ಕಾಲಿಟ್ಟು ಕಾಲುವೆ ದಾಟಲು ಬರುವುದಿದ್ದರೆ ನಾವು ಅಂದೇ ದಾಟುತ್ತಿದ್ದೆವು.

ನೀಲವ್ವ ಅಳಲಿಲ್ಲ. ಅಳುವ ಜಾತಿಯಲ್ಲ ಅದು. ನಾನು ಕಣದಲ್ಲಿ ಜೋಳ ಕೇರುತ್ತಿದ್ದಾಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ಆಯಿ, ನಾವು ಖರೇನ ಕ್ಷೇಮ ಅದೇವೇನ?”

ನಾನು ಮೊರ ನಿಲ್ಲಿಸಿದೆ. ಈ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಎಷ್ಟು ಕಾಗದಗಳಲ್ಲಿ ಆ ಸಾಲು ಬರೆಸಿದ್ದೆ! ಗಂಡ ಹಾಸಿಗೆ ಹಿಡಿದಾಗಲೂ ತವರಿಗೆ ಮೊದಲು ಅದೇ ಸಾಲು ಹೋಗಿತ್ತು.

“ಇಲ್ಲಾ,” ಎಂದೆ. “ಇದ್ದಿದ್ರ ಕಾಗದಾ ಯಾಕ ಬರೀತಿದ್ವಿ?”

“ಹಂಗಾರ ಸುಳ್ಳ ಯಾಕ ಬರಿಸಿದಿ?”

“ಬುದ್ಧಿ ಇರಲಿಲ್ಲ, ಬರಿಸಿದೆ. ಮುಂದ?”

“ಮತ್ತ ಬರೀತೇನಿ. ಏನ ಬರೀಲಿ ಹೇಳು.”

“ನೀ ನೀರಾಗ ಬಿದ್ದ ದಿನಾ ಏನಂತ ಒದರಿದಿ?”

“ಆಯಿ, ಮುಳಗಾಕತ್ತೇನಿ, ಬಾ, ಅಂದೆ.”

“ಅದಕ್ಕ ಪೀಠಿಕಾ ಹಾಕಿದ್ದೇನ?”

ಅವಳು ನಕ್ಕಳು. ಆಮೇಲೆ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತ ಕೂತಳು. ಅವಳು ಮುಳುಗಿದ ಸುದ್ದಿಯನ್ನೇ ಜೋರಾಗಿ ಬರೆಯಲಿ ಎಂದು ನಾನು ಅಂದುಕೊಂಡಿದ್ದೆ. ಅವಳ ಯೋಚನೆ ಬೇರೆ ಕಡೆ ಹೋಗಿತ್ತು.

“ಆಯಿ, ಆ ಸಿಪಾಯಿ ದಿನಾ ನಮಗ ಬೈತಾನಲ್ಲ, ಯಾತಕ್ಕ ಬೈತಾನ? ನಾವು ಬೀಳತೇವಂತ ಅಲ್ಲ. ದಂಡಿ ಸವೀತೈತಿ ಅಂತ.”

“ಹೂಂ.”

“ಜವಾಬಿನಾಗೂ ದಂಡಿ ಸುದ್ದಿನ ಬರದಾರ. ಹಂಗಾರ ಸಾಹೇಬಗ ದಂಡಿದ ಚಿಂತಿ. ಅದನ್ನ ಮೊದಲ ಬರೀತೇನಿ. ಅದನ್ನ ಓದಿದ್ರ ಮುಂದಿಂದೂ ಓದತಾನ.”

ಇದು ನನಗೆ ಹೊಳೆದಿರಲಿಲ್ಲ. ನಾನೇ ಹೇಳಿಕೊಟ್ಟೆ ಎಂದು ಇಲ್ಲಿ ಬರೆದುಕೊಂಡರೆ ಕೇಳುವವರು ಯಾರೂ ಇಲ್ಲ, ಆದರೆ ಆಗ ನನಗೂ ಮಾಸ್ತರನಿಗೂ ಏನು ವ್ಯತ್ಯಾಸ ಉಳಿಯಿತು? ಹುಡುಗಿ ಹೇಳಿದ್ದು ಖರೆ. ಕೂಸು ನೀರಿಗೆ ಬಿದ್ದರೆ ಅದು ಕೂಸಿನ ಮನೆಯವರ ದುಃಖ. ದಂಡೆ ಒಡೆದರೆ ಸಾಹೇಬನ ನೌಕರಿಯ ದುಃಖ. ಯಾರಿಗೆ ಎಲ್ಲಿ ನೋಯುತ್ತದೆ ಎಂದು ನೋಡಿ ಅಲ್ಲಿ ಬೆರಳಿಡಬೇಕು. ಬದನೆಕಾಯಿಯವಳು ನನ್ನ ಒಸಡಿನ ಮೇಲೆ ಇಟ್ಟ ಹಾಗೆ. ಹೀಗೆ ಮಾಡಬೇಕಾಗಿ ಬಂದದ್ದು ನಾಚಿಕೆಯ ಮಾತು, ಮಗುವಿನ ಜೀವಕ್ಕಿಂತ ಮಣ್ಣಿನ ಗುಡ್ಡೆಯನ್ನು ಮುಂದೆ ಹಿಡಿಯಬೇಕಾಯಿತು. ಆದರೆ ಆ ನಾಚಿಕೆ ಹನ್ನೊಂದು ವರ್ಷದ ಹುಡುಗಿಯದಲ್ಲ.

ಈ ಸಲ ದೊಡ್ಡ ಹಾಳೆ ಬೇಡವೆಂದು ಅಂಚೆಯ ಕಾರ್ಡು ತರಿಸಿದೆ. ಕಾರ್ಡಿನಲ್ಲಿ ಭಗೀರಥನಿಗೆ ಜಾಗವಿಲ್ಲ. ನೀಲವ್ವ ಬರೆದದ್ದು ನನಗೆ ಇಂದಿಗೂ ಬಾಯಿಪಾಠ:

‘ಸಾಹೇಬರಿಗೆ. ನಮ್ಮ ತೋಟದ ಹತ್ತಿರ ನಿಮ್ಮ ಕಾಲುವೆಯ ದಂಡೆ ಒಡೆಯಲಿಕ್ಕೆ ಬಂದಿದೆ. ಹನ್ನೊಂದು ಮಕ್ಕಳು ಶಾಲೆಗೆ ಹೋಗುತ್ತ ಬರುತ್ತ ದಿನಕ್ಕೆ ಎರಡು ಸಲ ಅದನ್ನು ಇಳಿದು ಹತ್ತುತ್ತೇವೆ. ಚಕ್ಕಡಿ ಹೋಗುವಷ್ಟು ತಗ್ಗು ಬಿದ್ದಿದೆ. ನಮಗೆ ಬೇರೆ ದಾರಿ ಇಲ್ಲ. ನೀರು ಇದ್ದಾಗ ನಾನು ಬಿದ್ದಿದ್ದೆ. ಮೂರು ಹಲಗೆ ಹಾಕಿಸಿದರೆ ನಾವು ದಂಡೆಯ ಮೇಲೆ ಕಾಲಿಡುವುದಿಲ್ಲ. ನೀರು ಬಿಡುವ ಮೊದಲು ಬಂದು ನೋಡಿರಿ.’

ಕೆಳಗೆ ಹನ್ನೊಂದೂ ಮಕ್ಕಳು ಹೆಸರು ಬರೆದರು. ಜಾಗ ಸಾಲದೆ ಕೊನೆಯ ಎರಡು ಹೆಸರು ಅಂಚಿನಲ್ಲಿ ಅಡ್ಡ ಹತ್ತಿದವು. ಖರೆ ಹೇಳಬೇಕೆಂದರೆ, ಕಾರ್ಡು ಕೈಯಲ್ಲಿ ಹಿಡಿದಾಗ ನನ್ನ ಬೆರಳು ಮತ್ತೆ ತುರಿಸಿತು. ತುದಿಗೆ ಎಲ್ಲಾದರೂ ಸಣ್ಣಗೆ ಕ್ಷೇಮ ಹಾಕಬಹುದೇ ಎಂದು ತಿರುಗಿಸಿ ಮುರುಗಿಸಿ ನೋಡಿದೆ. ಅರವತ್ತು ವರ್ಷದ ಚಟ. ನೀಲವ್ವ ಕಾರ್ಡನ್ನು ಕೈಯಿಂದ ಕಸಿದುಕೊಂಡಳು.

ಮಾಸ್ತರನಿಗೆ ತೋರಿಸಿದಳು, ಅದು ಅವಳ ಒಳ್ಳೆಯತನ. ಅವನು ಓದಿ ಕಾರ್ಡನ್ನು ಎರಡು ಬೆರಳಲ್ಲಿ ಇಲಿ ಹಿಡಿದ ಹಾಗೆ ಹಿಡಿದನಂತೆ. “ಇದೇನ ಬರವಣಗಿ? ವಂದನಾ ಇಲ್ಲ, ಮರ್ಯಾದಿ ಇಲ್ಲ. ‘ನಿಮ್ಮ ಕಾಲುವೆ’ ಅಂತ ಬರೀತಾರೇನ ಸಾಹೇಬ್ರಿಗೆ? ನಾ ಸಹಿ ಹಾಕೂದಿಲ್ಲ. ನನ್ನ ಸಾಲಿ ಹೆಸರ ಹಾಳಾಗತೈತಿ,” ಎಂದ. ಹಾಕದಿದ್ದದ್ದೇ ಒಳ್ಳೆಯದಾಯಿತು, ಹೇಳಿದೆನಲ್ಲ, ಕಾರ್ಡಿನಲ್ಲಿ ಜಾಗ ಇರಲಿಲ್ಲ.

ಒಂಬತ್ತನೆಯ ದಿನ ಸಾಹೇಬ ಕುದುರೆಯ ಮೇಲೆ ತಾನೇ ಬಂದ. ಬಿಳಿಯನಲ್ಲ, ನಮ್ಮವನೇ, ಕನ್ನಡ ಬಲ್ಲವನು. ಹಿಂದೆ ಸಿಪಾಯಿ ಓಡುತ್ತ ಬಂದ. ಸಾಹೇಬ ನಮ್ಮ ಕಡೆ ನೋಡಲಿಲ್ಲ, ಮಕ್ಕಳ ಕಡೆ ನೋಡಲಿಲ್ಲ. ದಂಡೆಯ ಮೇಲೆ ಮಂಡಿಯೂರಿ ಕೂತು ಮಣ್ಣನ್ನು ಬೆರಳಿಂದ ಒತ್ತಿ ನೋಡಿದ, ತಾಯಿ ಕೂಸಿನ ಮೈ ಬಿಸಿ ನೋಡುವ ಹಾಗೆ. ಆಮೇಲೆ ಸಿಪಾಯಿಯ ಕಡೆ ತಿರುಗಿದ.

“ಇಷ್ಟ ತಗ್ಗ ಬಿದ್ದೈತಿ, ನೀ ಏನ ಮಾಡಾಕತ್ತಿದ್ದಿ?”

“ಹುಡುಗರಿಗೆ ಬೈಯಾಕತ್ತಿದ್ದೆ ಸಾಹೇಬ್ರ.”

“ಬೈದ್ರ ದಂಡಿ ತುಂಬತೈತೇನ?”

ಊರಿಂದ ಮಾಸ್ತರ ರುಮಾಲು ಸುತ್ತಿಕೊಳ್ಳುತ್ತಲೇ ಓಡಿ ಬಂದು ಕೈ ಮುಗಿದು ನಿಂತ. ಸಾಹೇಬ ಕಿಸೆಯಿಂದ ಕಾರ್ಡು ತೆಗೆದ. “ಇದನ್ನ ಬರದವ್ರ ಯಾರು?”

“ನನ್ನ ವಿದ್ಯಾರ್ಥಿನಿ ಸಾಹೇಬ್ರ. ನಾನ ಕಲಿಸಿದ್ದು.”

ಸಾಹೇಬ ಅವನನ್ನು ಮೇಲಿಂದ ಕೆಳಗೆ ನೋಡಿದ. “ಈ ಊರಿಂದ ಮೊದಲೂ ಒಂದ ಕಾಗದಾ ಬಂದಿತ್ತು. ಎಲ್ಲಾರೂ ಸುಖದಿಂದ ಅದೇವಿ ಅಂತ. ಅದನ್ನ ಯಾರ ಕಲಿಸಿದ್ರು?”

ಮಾಸ್ತರ ರುಮಾಲು ಸರಿಮಾಡಿಕೊಂಡ. ಆಮೇಲೆ ಮೆಲ್ಲಗೆ ನನ್ನ ಕಡೆ ಕೈ ತೋರಿಸಿದ. ನಾನು ಸೆರಗು ಹೊದ್ದುಕೊಂಡು, “ಹೌದ್ರಿ, ಅದು ನಂದ,” ಎಂದೆ. ಸುಳ್ಳಲ್ಲವಲ್ಲ. ಆದರೆ ಭಗೀರಥ ಯಾರವನು ಎಂದು ಸಾಹೇಬ ಕೇಳಲಿಲ್ಲ, ಮಾಸ್ತರ ಹೇಳಲಿಲ್ಲ.

ಕಾರಹುಣ್ಣಿಮೆಗೆ ಮೊದಲು ಮೂರು ಸಾಗವಾನಿ ಹಲಗೆ ಬಂದವು, ಒಂದೊಂದು ಮೊಳ ಅಗಲದವು. ಎರಡೂ ಕಡೆ ಕಲ್ಲು ಕಟ್ಟಿ, ಕಬ್ಬಿಣದ ಪಟ್ಟಿ ಬಿಗಿದು ಕೂಡಿಸಿದರು. ಒಂದು ಬದಿಗೆ ಹಿಡಿಯಲು ಹಗ್ಗ ಕಟ್ಟಿದರು. ಒಂದು ತಗಡೂ ಹೊಡೆದರು: ‘ಜನರಿಗೆ ಮಾತ್ರ. ದನಗಳನ್ನು ಹಾಯಿಸಬಾರದು.’ ಸರಕಾರದ ಕೆಲಸದಲ್ಲಿ ಹಲಗೆಗಿಂತ ತಗಡು ಮೊದಲು ಬರುತ್ತದೆ ಎಂದು ಕೇಳಿದ್ದೆ, ಇಲ್ಲಿ ಎರಡೂ ಕೂಡಿಯೇ ಬಂದವು, ಅದೇ ದೊಡ್ಡದು.

ಮಾಸ್ತರನ ಕಥೆ ಮುಗಿಯಲಿಲ್ಲ. ಶಾಲೆಯಲ್ಲಿ ಈಗ ಅವನು ನೀಲವ್ವನ ಕಾರ್ಡನ್ನು ಮಾದರಿ ಎಂದು ಮಕ್ಕಳಿಂದ ಬರೆಸತೊಡಗಿದ. ಬರೆಸುವ ಮುಂಚೆ ತಿದ್ದಿದ. ಮೇಲೆ ರಾಜಮಾನ್ಯ ರಾಜಶ್ರೀ ಬಂತು, ‘ನಿಮ್ಮ ಕಾಲುವೆ’ ಹೋಗಿ ‘ತಮ್ಮ ಪಾದಕಮಲಗಳಿಂದ ಪಾವನವಾದ ಜಲಮಾರ್ಗ’ ಆಯಿತು, ನಡುವೆ ಎಲ್ಲರೂ ಸುಖದಿಂದ ಇದ್ದರು. ನೀಲವ್ವ ಬಂದು ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಮರುಕವೂ ಬರಲಿಲ್ಲ. ಇಂಥವರು ಹೀಗೆಯೇ. ಉರಿ ಕಂಡಲ್ಲಿ ಬೂದಿ ಮುಚ್ಚುವುದೇ ಇವರಿಗೆ ವಿದ್ಯೆ. ಮುಚ್ಚಿ, ಎಷ್ಟು ನುಣ್ಣಗಿದೆ ನೋಡಿ ಎನ್ನುತ್ತಾರೆ.

ಆದರೆ ನನ್ನ ಚಿಂತೆ ಮಾಸ್ತರನದಾಗಿರಲಿಲ್ಲ. ಸಾಹೇಬ ಒಪ್ಪಿದ್ದ, ನನ್ನ ಮಗ ಒಪ್ಪಿರಲಿಲ್ಲ. ಮುಂಗಾರು ಶುರುವಾಗಿ ಮಿರಗದ ಮಳೆ ಬಿತ್ತು. ಮಧ್ಯಾಹ್ನ ಧುಪದಾಳದಿಂದ ನೀರು ಬಿಟ್ಟರು, ಸಂಜೆಗೆ ಕೆಂಪು ನೀರು ಹಲಗೆಗಳ ಕೆಳಗೆ ಸುಳಿ ತಿರುಗುತ್ತ ಹೋಗುತ್ತಿತ್ತು. ಬಸಪ್ಪ ದಂಡೆಯ ಮೇಲೆ ನಿಂತು ಬಹಳ ಹೊತ್ತು ನೋಡಿ ಬಂದ.

“ಹಲಗಿ ತಡೀತಾವೋ ಇಲ್ಲೋ. ಮೊದಲ ಬ್ಯಾರೇ ಹುಡುಗರ ಹೋಗಲಿ. ಒಂದ ತಿಂಗಳ ನೋಡೂಣು.”

“ಒಂದ ತಿಂಗಳ ಆದ ಮ್ಯಾಲೆ?” ಎಂದಳು ನೀಲವ್ವ.

ಬಸಪ್ಪ ದನಗಳಿಗೆ ಮೇವು ಹಾಕಲು ಎದ್ದುಹೋದ. ಅವಳು ಚೀಲವನ್ನು ಗೂಟಕ್ಕೆ ಹಾಕಿ ಕಾಲು ತೊಳೆಯಲು ಹೋದಳು. ಕಾರ್ಡು ಬರೆದು ಕುದುರೆಯ ಮೇಲಿನವನನ್ನು ಇಳಿಸಿದ ಹುಡುಗಿ, ತನ್ನಪ್ಪನಿಗೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಾದಳು. ನನ್ನ ಮಗ ಓದುವವನಲ್ಲ. ಅವನಿಗೆ ನೋಯುವ ಜಾಗ ಒಂದೇ: ಹಲಗೆ ಮುರಿದರೆ? ಅದಕ್ಕೆ ಅಕ್ಷರದಲ್ಲಿ ಉತ್ತರ ಇಲ್ಲ.

ಮರುದಿನ ಬೆಳಗ್ಗೆ ಹಾಲು ಹಿಂಡಿ ಮುಗಿಸಿ, ನಮ್ಮ ದೊಡ್ಡ ಎಮ್ಮೆಯ ಹಗ್ಗ ಬಿಚ್ಚಿದೆ. ಹನ್ನೊಂದು ಮಕ್ಕಳನ್ನು ಒಟ್ಟಿಗೆ ತೂಗಿದರೂ ಅದರ ತೂಕ ಬರುವುದಿಲ್ಲ. ತಗಡಿನ ಅಕ್ಷರ ಓದಿದೆ, ಎರಡನೆಯ ಇಯತ್ತೆಗೆ ಅಷ್ಟು ಬರುತ್ತದೆ. ಓದಿ, ಅದರ ಮುಂದಿನಿಂದಲೇ ಎಮ್ಮೆಯನ್ನು ಹಲಗೆಗೆ ಹತ್ತಿಸಿದೆ. ಬಸಪ್ಪ ಹಿಂದಿನಿಂದ “ಯವ್ವಾ! ಯವ್ವಾ!” ಎಂದು ಒದರುತ್ತ ಓಡಿ ಬಂದ, ಅವನ ಹಿಂದೆ ನೀಲವ್ವ. ಹಲಗೆ ಒಂದು ಸಲ ಕಿರುಗುಟ್ಟಿತು. ನಾನು ಮುಂದೆ, ಎಮ್ಮೆ ಹಿಂದೆ, ಎಂಟು ಮೊಳ ದಾಟಿ ಆ ದಂಡೆಯ ಮೇಲೆ ನಿಂತೆವು. ತಿರುಗಿ ನೋಡಿದೆ. ಮಗ ಕಾಲಿಂದ ಹಲಗೆ ಒತ್ತಿ ನೋಡಿದ. ಮನೆಗೆ ಹೋದ, ಗೂಟದಿಂದ ಚೀಲ ತಂದು ನೀಲವ್ವನ ಹೆಗಲಿಗೆ ತಾನೇ ಹಾಕಿದ. ಅವಳು ಹಗ್ಗ ಕೂಡ ಹಿಡಿಯದೆ ಹಲಗೆ ದಾಟಿ, ನನ್ನ ಪಕ್ಕದಿಂದ ಹಾಯ್ದು ಶಾಲೆಗೆ ಹೋದಳು.

ಎಮ್ಮೆ ಮಾತ್ರ ತಿರುಗಿ ಬರಲು ಒಪ್ಪಲಿಲ್ಲ. ಬೈದೆ, ಮೈ ಸವರಿದೆ, ಅದರ ತಾಯಿಯ ಹೆಸರು ಹೇಳಿ ಕರೆದೆ. ಕೊನೆಗೆ ನಮ್ಮ ಮನೆಯ ಕಡೆಯ ದಂಡೆಯಿಂದ ಕಲ್ಲವ್ವ ಒಂದು ಹಿಡಿ ಹಸಿ ಮೇವು ಎತ್ತಿ ತೋರಿಸಿದಳು. ಬಂತು.